ಎಲ್ಲರೂ ಒಟ್ಟಿಗೆ ಕೂಗಿದರೆ ಟಿವಿ ದನಿ ಇಳಿಸುವ ಡಬ್ಬಿ (ಬಿಪಿ, ರಾಜಕೀಯ ಎಲ್ಲಾ ಸೇರಿಕೊಂಡ ಹರಟೆ)

ತಂತಿಪ್ರಿಯ:

ನಮ್ಮ ಮನೆಯಲ್ಲಿ ಟಿವಿ ರಿಮೋಟ್ ಅಪ್ಪನ ಕೈಯಲ್ಲಿ, ಸೋಲ್ಡರಿಂಗ್ ಐರನ್ ನನ್ನ ಕೈಯಲ್ಲಿ. ರಾತ್ರಿಯಾದರೆ ಅಪ್ಪನಿಗೆ ರಾಜಕೀಯ ಚರ್ಚೆ ಬೇಕೇ ಬೇಕು. ಪರದೆ ಮೇಲೆ ಆರೆಂಟು ಚೌಕ, ಒಂದೊಂದರಲ್ಲೂ ಒಂದೊಂದು ಬಾಯಿ. ನಾನು ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತರೂ ತಲೆ ಗಿಂವ್ ಅನ್ನುತ್ತದೆ. ಚಾನೆಲ್ ಬದಲಾಯಿಸಿ ಅಂದರೆ ಮನೆಯಲ್ಲೇ ಇನ್ನೊಂದು ಚರ್ಚೆ ಶುರು. ಅದಕ್ಕೇ ಒಂದು ಡಬ್ಬಿ ಮಾಡಿದೆ.

ಒಳಗಿರುವುದು ಇಷ್ಟೇ: ಇಎಸ್‌ಪಿ32 ಅನ್ನುವ ಒಂದು ಪುಟ್ಟ ಕಂಪ್ಯೂಟರ್ ಬೋರ್ಡು, ಐಎನ್‌ಎಂಪಿ441 ಅನ್ನುವ ಪುಟ್ಟ ಮೈಕು, ಒಂದು ಇನ್‌ಫ್ರಾರೆಡ್ ಎಲ್‌ಇಡಿ. ಮೈಕು ಕೋಣೆಯ ಸದ್ದು ಕೇಳುತ್ತದೆ, ಬೋರ್ಡು ಲೆಕ್ಕ ಹಾಕುತ್ತದೆ, ಎಲ್‌ಇಡಿ ಟಿವಿಗೆ ವಾಲ್ಯೂಮ್ ಇಳಿಸು ಅನ್ನುತ್ತದೆ. ಟಿವಿ ಮಟ್ಟಿಗೆ ಅದು ಇನ್ನೊಂದು ರಿಮೋಟ್, ಅಷ್ಟೇ.

ಮಜಾ ಇರುವುದು ಲೆಕ್ಕದಲ್ಲಿ. ಸದ್ದು ಜಾಸ್ತಿಯಾದಾಗ ಇಳಿಸು ಅಂತ ಮಾತ್ರ ಬರೆದರೆ ಸಿನಿಮಾದ ಫೈಟಿಗೂ ಇಳಿಯುತ್ತದೆ, ಪಟಾಕಿಗೂ ಇಳಿಯುತ್ತದೆ. ಅದಕ್ಕೆ ನಾನು ಸಂದು ಹುಡುಕುತ್ತೇನೆ. ಒಬ್ಬರೇ ಮಾತಾಡುವಾಗ ಪದಗಳ ನಡುವೆ, ಉಸಿರು ಎಳೆದುಕೊಳ್ಳುವಾಗ, ಸದ್ದು ಥಟ್ಟನೆ ಕೆಳಗೆ ಬೀಳುತ್ತದೆ. ಗ್ರಾಫ್ ತೆಗೆದರೆ ಏರು ತಗ್ಗು, ಏರು ತಗ್ಗು. ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಒಬ್ಬನ ಸಂದನ್ನು ಇನ್ನೊಬ್ಬ ತುಂಬಿಬಿಡುತ್ತಾನೆ. ತಗ್ಗೇ ಕಾಣುವುದಿಲ್ಲ. ಹಾಗೆ ಐದಾರು ಸೆಕೆಂಡು ತಗ್ಗು ಕಾಣದಿದ್ದರೆ ಡಬ್ಬಿ ವಾಲ್ಯೂಮನ್ನು ನಾಲ್ಕು ಮೆಟ್ಟಿಲು ಇಳಿಸುತ್ತದೆ. ಸಂದು ಮತ್ತೆ ಕಂಡಾಗ ನಾಲ್ಕು ಮೆಟ್ಟಿಲು ಏರಿಸುತ್ತದೆ.

ಅಪ್ಪನಿಗೆ ಹೇಳಿಯೇ ಮಾಡಿದ್ದು. ಅವರು ಒಂದು ತಿದ್ದುಪಡಿ ಕೇಳಿದ್ದಾರೆ: ನಮ್ಮ ಪಕ್ಷದವರು ಮಾತಾಡುವಾಗ ಮಾತ್ರ ಇಳಿಯಬಾರದಂತೆ. ಅದು ನನ್ನ ಕೈಲಿ ಆಗುವುದಿಲ್ಲ ಅಂದೆ.

ಇನ್ನೂ ಸರಿಯಾಗದಿರುವುದು ಹಾಡು. ಹಾಡಿಗೆ ಹಿನ್ನೆಲೆ ವಾದ್ಯ ಇರುತ್ತದಲ್ಲ, ಅದಕ್ಕೂ ಸಂದು ಸಿಗುವುದಿಲ್ಲ. ಯಾರಾದರೂ ಇಂಥದ್ದು ಮಾಡಿದ್ದೀರಾ?

ಅರ್ಧರಾತ್ರಿ:

ಮೊದಲು ಒಂದು ಅನುಮಾನ. ಮನೆ ನಡುಮನೆಯಲ್ಲಿ ಇಪ್ಪತ್ನಾಲ್ಕು ಗಂಟೆ ತೆರೆದ ಮೈಕು ಇಡುತ್ತೀರಲ್ಲ, ಅದಕ್ಕೆ ವೈಫೈ ಬೇರೆ ಇದೆ. ಹೆದರಿಕೆ ಆಗುವುದಿಲ್ಲವಾ?

ತಂತಿಪ್ರಿಯ:

ವೈಫೈ ಆನ್ ಮಾಡಿಯೇ ಇಲ್ಲ. ಸದ್ದನ್ನು ಉಳಿಸಿಕೊಳ್ಳುವುದೂ ಇಲ್ಲ. ಮೈಕಿಂದ ಬಂದ ಅಂಕಿಗಳಿಂದ ಈ ಚೂರಿನ ಸದ್ದು ಎಷ್ಟು ಅನ್ನುವ ಒಂದು ಸಂಖ್ಯೆ ತೆಗೆದು ಉಳಿದದ್ದನ್ನು ಬಿಸಾಕುತ್ತದೆ. ಯಾರು ಏನಂದರು ಅಂತ ಅದಕ್ಕೆ ಗೊತ್ತೇ ಆಗುವುದಿಲ್ಲ. ನಿಜ ಹೇಳಬೇಕೆಂದರೆ ಹೆದರಬೇಕಾದ್ದು ಟಿವಿಗೆ. ಈಗಿನ ಅನೇಕ ಸ್ಮಾರ್ಟ್ ಟಿವಿಗಳಲ್ಲಿ ಎಸಿಆರ್ ಅಂತ ಒಂದು ವ್ಯವಸ್ಥೆ ಇರುತ್ತದೆ. ಪರದೆ ಮೇಲೆ ಏನು ಓಡುತ್ತಿದೆ ಅಂತ ಗುರುತು ಹಿಡಿದು ಕಂಪನಿಗೆ ಕಳಿಸುತ್ತದೆ. ಸೆಟ್ಟಿಂಗ್ಸ್ ಒಳಗೆ ಎಲ್ಲೋ ಮೂಲೆಯಲ್ಲಿ ಅದನ್ನು ಆಫ್ ಮಾಡುವ ಗುಂಡಿ ಇರುತ್ತದೆ, ಹುಡುಕಿ ನೋಡಿ.

ಹಳೇ ಡಬ್ಬಾ:

ಟಿವಿ ರಿಪೇರಿಯಲ್ಲೇ ಕೂದಲು ಬೆಳ್ಳಗಾದವನು ನಾನು. ತಂತಿಪ್ರಿಯರೇ, ನಿಮ್ಮದು ತುಂಬಾ ಹಳೇ ಆಸೆ.

ರಿಮೋಟ್ ಹುಟ್ಟಿದ್ದೇ ಹೆಚ್ಚುಕಡಿಮೆ ಇದಕ್ಕಾಗಿ. ಅಮೆರಿಕದ ಜೆನಿತ್ ಕಂಪನಿಯ ಒಡೆಯನಿಗೆ ಜಾಹೀರಾತು ಕಂಡರೆ ಆಗುತ್ತಿರಲಿಲ್ಲ. 1955ರಲ್ಲಿ ಅವರು ಫ್ಲ್ಯಾಶ್‌ಮ್ಯಾಟಿಕ್ ಅಂತ ಒಂದು ರಿಮೋಟ್ ತಂದರು. ಪಿಸ್ತೂಲಿನ ಆಕಾರದ ಟಾರ್ಚು. ಟಿವಿಯ ನಾಲ್ಕು ಮೂಲೆಯಲ್ಲಿ ಬೆಳಕು ಗುರುತಿಸುವ ಕಣ್ಣುಗಳು. ಸರಿಯಾದ ಮೂಲೆಗೆ ಬೆಳಕು ಬಿಟ್ಟರೆ ಚಿತ್ರ ಹಾಗೇ ಇದ್ದು ಸದ್ದು ಮಾತ್ರ ನಿಲ್ಲುತ್ತಿತ್ತು. ಉದ್ದುದ್ದ ಜಾಹೀರಾತಿನ ಬಾಯಿ ಮುಚ್ಚಿಸಿ ಅಂತಲೇ ಅದನ್ನು ಮಾರಿದ್ದು. ತೊಂದರೆ ಏನೆಂದರೆ ಕಿಟಕಿಯಿಂದ ಬಿಸಿಲು ಬಿದ್ದರೂ ಟಿವಿ ತನ್ನಷ್ಟಕ್ಕೆ ಚಾನೆಲ್ ಬದಲಾಯಿಸುತ್ತಿತ್ತು! ಮರುವರ್ಷ, 1956ರಲ್ಲಿ, ಅದೇ ಕಂಪನಿಯವರು ಅಲ್ಟ್ರಾಸೌಂಡ್ ರಿಮೋಟ್ ಮಾಡಿದರು. ಅದಕ್ಕೆ ಬ್ಯಾಟರಿಯೇ ಬೇಡ. ಗುಂಡಿ ಒತ್ತಿದರೆ ಒಳಗಿನ ಪುಟ್ಟ ಸುತ್ತಿಗೆ ಅಲ್ಯೂಮಿನಿಯಂ ಸಲಾಕೆಗೆ ಬಡಿಯುತ್ತಿತ್ತು. ನಮ್ಮ ಕಿವಿಗೆ ಕೇಳದ ಆ ನಾದ ಟಿವಿಗೆ ಕೇಳುತ್ತಿತ್ತು. ಇನ್‌ಫ್ರಾರೆಡ್ ಬಂದದ್ದು ಆಮೇಲೆ.

ಇನ್ನೊಂದು ವಿಷಯ. ಜಾಹೀರಾತು ಬಂದ ಕೂಡಲೇ ಸದ್ದು ಜಾಸ್ತಿ ಆಗುತ್ತದೆ ಅಂತ ಎಲ್ಲರೂ ಬೈಯುತ್ತಾರೆ. ಚಾನೆಲಿನವರು ನಾವು ಮಿತಿ ದಾಟಿಲ್ಲ ಅನ್ನುತ್ತಿದ್ದರು. ಇಬ್ಬರೂ ಹೇಳಿದ್ದು ನಿಜವೇ. ಹಿಂದೆ ಅಳೆಯುತ್ತಿದ್ದದ್ದು ಸದ್ದಿನ ತುದಿಯನ್ನು. ಜಾಹೀರಾತಿನವರು ತುದಿಯನ್ನು ಮುಟ್ಟದೆ, ಮೆಲ್ಲನೆಯ ಸದ್ದನ್ನೆಲ್ಲಾ ಎತ್ತಿ ತುದಿಯ ಹತ್ತಿರಕ್ಕೆ ತಂದು ನಿಲ್ಲಿಸುತ್ತಿದ್ದರು. ಇದಕ್ಕೆ ಕಂಪ್ರೆಷನ್ ಅನ್ನುತ್ತಾರೆ. ಅಂಕಿ ಅದೇ, ಕಿವಿಗೆ ಮಾತ್ರ ಎರಡರಷ್ಟು. ಅದಕ್ಕೇ 2006ರಲ್ಲಿ ಕಿವಿಗೆ ಎಷ್ಟು ಜೋರು ಅನಿಸುತ್ತದೆ ಅನ್ನುವುದನ್ನು ಅಳೆಯುವ ಅಂತರರಾಷ್ಟ್ರೀಯ ವಿಧಾನ ಬಂತು. 2010ರಲ್ಲಿ ಯುರೋಪಿನ ಪ್ರಸಾರಕರು ಸರಾಸರಿ ಮೈನಸ್ 23 ಎಲ್‌ಯುಎಫ್‌ಎಸ್ (ಕಿವಿಗೆ ಅನಿಸುವ ಜೋರನ್ನು ಹೇಳುವ ಮಾನ) ಇರಲಿ ಅಂತ ಶಿಫಾರಸು ಮಾಡಿಕೊಂಡರು. ಚರ್ಚೆಯ ಗಲಾಟೆಗೆ ಇದರಿಂದ ಏನೂ ಆಗಲಿಲ್ಲ. ಎಂಟು ಜನ ಒಟ್ಟಿಗೆ ಕೂಗಿದ್ದನ್ನೂ ಮೈನಸ್ 23ಕ್ಕೆ ಕೂರಿಸಬಹುದು. ನೀವು ಸಂದು ಅಳೆಯುತ್ತಿರುವುದು ಅದಕ್ಕೇ ನನಗೆ ಇಷ್ಟವಾಯಿತು.

ಸಂಜೆಗಾಳಿ:

ನಾನು ನರ್ಸ್. ಈ ಚರ್ಚೆಗೂ ನನ್ನ ಕೆಲಸಕ್ಕೂ ನೇರ ಸಂಬಂಧ ಇದೆ ಅಂದರೆ ನಗಬೇಡಿ.

ಮನೆಯಲ್ಲಿ ಬಿಪಿ ನೋಡಿ ಬರೆದುಕೊಂಡು ಬನ್ನಿ ಅಂತ ಹಿರಿಯರಿಗೆ ಪುಸ್ತಕ ಕೊಟ್ಟು ಕಳಿಸುತ್ತೇವೆ. ಅವರು ಶ್ರದ್ಧೆಯಿಂದ ಬರೆದುಕೊಂಡು ಬರುತ್ತಾರೆ. ಬೆಳಗಿನದು ಚೆನ್ನಾಗಿರುತ್ತದೆ, ರಾತ್ರಿಯದು ಎತ್ತರ. ಕೂಡಿಸಿಕೊಂಡು ಕೇಳಿದರೆ ಬರುವ ಉತ್ತರ ಒಂದೇ: ನ್ಯೂಸ್ ನೋಡ್ತಾ ನೋಡ್ತಾ ಪಟ್ಟಿ ಕಟ್ಟಿಕೊಂಡೆ ಮೇಡಂ.

ಬಿಪಿ ನೋಡುವಾಗ ಮಾತಾಡಬಾರದು. ಮಾತಾಡಿದರೇ ಮೇಲಿನ ಅಂಕಿ 10ರಷ್ಟು ಏರಬಹುದು. ಟಿವಿಯಲ್ಲಿ ಕೂತವನಿಗೆ ಇಲ್ಲಿಂದ ಉತ್ತರ ಕೊಡುವುದೂ ಮಾತಾಡುವುದೇ, ಅಲ್ವಾ? ಐದು ನಿಮಿಷ ಸುಮ್ನೆ ಕೂತಿರಬೇಕು. ಬೆನ್ನಿಗೆ ಒರಗು ಇರಬೇಕು, ಎರಡೂ ಪಾದ ನೆಲಕ್ಕೆ ಊರಿರಬೇಕು, ಕಾಲ ಮೇಲೆ ಕಾಲು ಬೇಡ. ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ. ಪಟ್ಟಿಯನ್ನು ತೋಳಿನ ಬಟ್ಟೆ ಮೇಲೆ ಸುತ್ತಬೇಡಿ. ಮೂತ್ರಕ್ಕೆ ಹೋಗಬೇಕೆನಿಸಿದ್ದರೆ ಮೊದಲು ಹೋಗಿ ಬನ್ನಿ, ತಡೆದುಕೊಂಡರೂ ಬಿಪಿ ಏರುತ್ತದೆ. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ ಎರಡನ್ನೂ ಬರೆಯಿರಿ. ಆಸ್ಪತ್ರೆಯಲ್ಲಿ 140/90 ಅನ್ನುವ ಗೆರೆ ಇದೆಯಲ್ಲ, ಮನೆಯಲ್ಲಿ ನೋಡಿದ್ದಕ್ಕೆ ಸಾಮಾನ್ಯವಾಗಿ 135/85 ಹಿಡಿಯುತ್ತಾರೆ. ಮನೆಯಲ್ಲಿ ಮನಸ್ಸು ಶಾಂತವಾಗಿರುತ್ತದೆ ಅನ್ನುವ ನಂಬಿಕೆ ಮೇಲೆ. ಅಲ್ಲಿ ಎಂಟು ಜನ ಕೂಗುತ್ತಿದ್ದರೆ ಆ ನಂಬಿಕೆ ಎಲ್ಲಿ ಉಳಿಯಿತು?

ಆದರೆ ಅಂಕಿ ಜಾಸ್ತಿ ಬಂತು ಅಂದಾಗಲೆಲ್ಲಾ ಟಿವಿ ಮೇಲೆ ಹಾಕಿ ಮಾತ್ರೆ ಬಿಡಬೇಡಿ, ದಯವಿಟ್ಟು. ಟಿವಿ ಆಫ್ ಮಾಡಿ ಸರಿಯಾಗಿ ನೋಡಿದ ಮೇಲೂ ಜಾಸ್ತಿ ಇದ್ದರೆ ಅದು ನಿಜವಾದ ಬಿಪಿ.

ನೆರಳು ಬೆಳಕು:

ಮೇಡಂ, ಕೂಗಾಟಕ್ಕಿಂತ ಕೂತಿರುವುದು ಕೆಟ್ಟದ್ದು ಅನ್ನುತ್ತಾರಲ್ಲ? ಲಂಡನ್ ಬಸ್ಸಿನ ಅಧ್ಯಯನ ಓದಿದ ನೆನಪು.

ಸಂಜೆಗಾಳಿ:

ಹೌದು, ಜೆರ್ರಿ ಮಾರಿಸ್ ಅವರದು, 1953. ಡಬಲ್ ಡೆಕ್ಕರ್ ಬಸ್ಸಿನ ಡ್ರೈವರು ಕೂತೇ ಇರುತ್ತಿದ್ದ, ಕಂಡಕ್ಟರು ಇಡೀ ದಿನ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಡ್ರೈವರುಗಳಿಗೆ ಹೃದಯದ ಕಾಯಿಲೆ ಜಾಸ್ತಿ ಕಂಡಿತು. ಆಮೇಲೆ ಅದೇ ಗುಂಪಿನವರು ಇಬ್ಬರ ಸಮವಸ್ತ್ರದ ಅಳತೆ ನೋಡಿದರು. ಕೆಲಸಕ್ಕೆ ಸೇರುವಾಗಲೇ ಡ್ರೈವರುಗಳ ಸೊಂಟ ದಪ್ಪ ಇತ್ತಂತೆ! ಹಾಗಾಗಿ ಪೂರ್ತಿ ತಪ್ಪನ್ನು ಕುರ್ಚಿ ಮೇಲೆ ಹಾಕಲಾಗುವುದಿಲ್ಲ. ಆದರೂ ನಡೆದಾಟ ಒಳ್ಳೆಯದು ಅನ್ನುವುದರಲ್ಲಿ ಈಗ ಯಾರಿಗೂ ಸಂಶಯ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷದ ಸಾಧಾರಣ ಶ್ರಮ. ಜಾಹೀರಾತು ಬಂದಾಗಲೆಲ್ಲಾ ಎದ್ದು ಓಡಾಡಿದರೆ ಟಿವಿ ನೋಡಿಯೂ ಅರ್ಧ ಲೆಕ್ಕ ತೀರಿಸಬಹುದು, ಅಷ್ಟು ಜಾಹೀರಾತು ಬರುತ್ತದೆ.

ಮೂರನೇ ಬೆಂಚು:

ಎಲ್ಲರೂ ಹೊಗಳುತ್ತಿದ್ದೀರಿ, ನಾನೊಬ್ಬ ಅಡ್ಡ ಬರುತ್ತೇನೆ.

ನಮ್ಮಮ್ಮ ಶಾಲೆಗೆ ಹೋದವಳಲ್ಲ. ಪೇಪರ್ ಓದುವುದಕ್ಕೆ ಬರುವುದಿಲ್ಲ. ಅವಳಿಗೆ ಸರ್ಕಾರ ಅಂದರೆ ಏನು, ಈ ಮಸೂದೆ ಯಾಕೆ ಬಂತು, ಯಾರು ಯಾಕೆ ರಾಜೀನಾಮೆ ಕೊಟ್ಟರು ಅನ್ನುವುದೆಲ್ಲಾ ಗೊತ್ತಾಗುವುದು ಆ ಗಲಾಟೆಯಿಂದಲೇ. ಓದಿದವರು ಟಿವಿ ಚರ್ಚೆಯನ್ನು ಹೀಗಳೆಯುವುದು ಸುಲಭ. ನಮಗೆ ಬೇರೆ ದಾರಿ ಇದೆ.

ಇನ್ನೂ ಮುಖ್ಯ ಮಾತು. ಚರ್ಚೆಯಲ್ಲಿ ಗದ್ದಲ ತಾನಾಗಿ ಆಗುವುದಿಲ್ಲ. ಒಬ್ಬ ಕಷ್ಟದ ಪ್ರಶ್ನೆ ಕೇಳುತ್ತಾನೆ ಅಥವಾ ಸರಿಯಾದ ಅಂಕಿ ಹೇಳಲು ಶುರು ಮಾಡುತ್ತಾನೆ. ಅದು ಕೇಳಿಸಬಾರದು ಅಂತ ಇನ್ನೊಬ್ಬ ಮೇಲೆ ಬಿದ್ದು ಕೂಗುತ್ತಾನೆ. ಅಮ್ಮ ಆ ಹೊತ್ತಲ್ಲಿ ಕಿವಿ ಚೂಪು ಮಾಡಿ ಮೊದಲಿನವನ ಮಾತು ಹಿಡಿಯಲು ನೋಡುತ್ತಾಳೆ. ನಿಮ್ಮ ಡಬ್ಬಿ ಏನು ಮಾಡುತ್ತದೆ? ಸರಿಯಾಗಿ ಆ ಹೊತ್ತಿಗೇ ಇಬ್ಬರ ದನಿಯನ್ನೂ ಇಳಿಸುತ್ತದೆ. ಕೂಗಿದವನಿಗೆ ಬೇಕಾದದ್ದೂ ಅದೇ. ಅವನ ಕೆಲಸವನ್ನು ನೀವು ಪುಕ್ಕಟೆ ಮಾಡಿಕೊಟ್ಟ ಹಾಗಾಯಿತು.

ತಂತಿಪ್ರಿಯ:

ಈ ಮಾತಿಗೆ ತಕ್ಷಣ ಉತ್ತರ ಹೊಳೆಯುತ್ತಿಲ್ಲ. ಒಂದು ಮೈಕಿಂದ ಯಾರು ಮೇಲೆ ಬಿದ್ದರು ಅಂತ ಹೇಳುವುದು ಈ ಪುಟ್ಟ ಬೋರ್ಡಿಗೆ ಸಾಧ್ಯವಿಲ್ಲ. ಯೋಚನೆ ಮಾಡಿ ಬರೆಯುತ್ತೇನೆ.

ನೆರಳು ಬೆಳಕು:

ಮೂರನೇ ಬೆಂಚು ಹೇಳಿದ್ದಕ್ಕೆ ಪೂರಕವಾಗಿ ಒಂದು ವಿಷಯ. 1960ರ ಸೆಪ್ಟೆಂಬರ್ 26ರಂದು ಅಮೆರಿಕದ ಅಧ್ಯಕ್ಷ ಹುದ್ದೆಗೆ ನಿಂತಿದ್ದ ಕೆನಡಿ ಮತ್ತು ನಿಕ್ಸನ್ ಟಿವಿಯಲ್ಲಿ ಎದುರಾದರಲ್ಲ, ಆ ಕಾರ್ಯಕ್ರಮದ ಬಗ್ಗೆ ಎಲ್ಲರೂ ಹೇಳುವ ಕಥೆ ನಿಕ್ಸನ್ ಬೆವರಿದ್ದು, ಮುಖ ಕಳೆಗುಂದಿದ್ದು. ರೇಡಿಯೋದಲ್ಲಿ ಕೇಳಿದವರು ನಿಕ್ಸನ್ ಗೆದ್ದ ಅಂದರು ಅನ್ನುವುದನ್ನೂ ಸೇರಿಸುತ್ತಾರೆ. ಆ ಸಮೀಕ್ಷೆಯಲ್ಲಿ ರೇಡಿಯೋ ಕೇಳಿದವರು ತೀರಾ ಕಡಿಮೆ ಜನ, ಅದನ್ನು ಅಷ್ಟು ನಂಬಬೇಕಿಲ್ಲ. ನನಗೆ ಹಿಡಿಸಿದ್ದು ಬೇರೆ. ಅಲ್ಲಿ ಶುರುವಿಗೆ ಒಬ್ಬೊಬ್ಬರಿಗೂ ಸುಮಾರು 8 ನಿಮಿಷ ಕೊಟ್ಟಿದ್ದರು. ಎಂಟು ನಿಮಿಷ ಒಬ್ಬನೇ ಮಾತಾಡುತ್ತಾನೆ, ಎದುರಾಳಿ ಕೂತು ಕೇಳುತ್ತಾನೆ. ಈಗಿನ ಚರ್ಚೆಯಲ್ಲಿ ಎಂಟು ಸೆಕೆಂಡು ಸಿಕ್ಕಿದರೆ ಪುಣ್ಯ.

ಅದೇ ದೇಶದಲ್ಲಿ 2020ರ ಸೆಪ್ಟೆಂಬರ್ 29ರ ಟ್ರಂಪ್-ಬೈಡನ್ ಚರ್ಚೆ ಪೂರ್ತಿ ಗದ್ದಲವಾಗಿ ಹೋಯಿತು. ಅಕ್ಟೋಬರ್ 22ರ ಚರ್ಚೆಗೆ ಹೊಸ ನಿಯಮ ತಂದರು. ಪ್ರತಿ ವಿಷಯದ ಶುರುವಿನಲ್ಲಿ ಒಬ್ಬರು ಎರಡು ನಿಮಿಷ ಮಾತಾಡುವಾಗ ಇನ್ನೊಬ್ಬರ ಮೈಕು ಬಂದ್. ಅಂದರೆ ಗುಂಡಿ ಇರಬೇಕಾದ್ದು ಅಲ್ಲಿ, ನಿಮ್ಮ ನಡುಮನೆಯಲ್ಲಲ್ಲ. ಅಲ್ಲಿದ್ದರೆ ಒಬ್ಬನ ದನಿ ಮಾತ್ರ ಇಳಿಸಬಹುದು.

ಅರ್ಧರಾತ್ರಿ:

ಅಲ್ಲಿ ಗುಂಡಿ ಇಟ್ಟರೆ ನೋಡುವವರು ಯಾರು? ಗದ್ದಲ ಕೇಳಿದ ಕಡೆ ಜನ ತಿರುಗಿ ನೋಡುತ್ತಾರೆ. 1980ರ ಜೂನ್ 1ಕ್ಕೆ ಸಿಎನ್‌ಎನ್ ಶುರುವಾದಾಗ ದಿನವಿಡೀ ಸುದ್ದಿ ಅನ್ನುವುದೇ ಹೊಸದು. ಇಪ್ಪತ್ನಾಲ್ಕು ಗಂಟೆ ತುಂಬಿಸುವಷ್ಟು ಸುದ್ದಿ ಯಾವ ದೇಶದಲ್ಲೂ ದಿನಾ ಹುಟ್ಟುವುದಿಲ್ಲ. ವರದಿಗಾರನನ್ನು ದೂರ ಕಳಿಸಲು ಖರ್ಚಿದೆ. ನಾಲ್ಕು ಜನರನ್ನು ಕ್ಯಾಮೆರಾ ಮುಂದೆ ಕೂರಿಸಿ ಜಗಳ ಹಚ್ಚಿದರೆ ಒಂದು ಗಂಟೆ ಅಗ್ಗದಲ್ಲಿ ಕಳೆಯುತ್ತದೆ. ಆ್ಯಂಕರ್ ಕೆಟ್ಟವನು ಅಂತಲ್ಲ, ಲೆಕ್ಕ ಹಾಗಿದೆ.

ಮತ್ತೆ ದನಿ ಇಳಿಸಿದರೂ ಪರದೆ ಕೆಳಗೆ ಓಡುವ ಸಾಲು ಓಡುತ್ತಲೇ ಇರುತ್ತದೆ. ಒಂದೇ ಮಾತನ್ನು ಪದೇ ಪದೇ ಕಂಡರೆ ಅದು ನಿಜ ಅನಿಸತೊಡಗುತ್ತದೆ ಅಂತ 1977ರಲ್ಲೇ ಮನೋವಿಜ್ಞಾನಿಗಳು ತೋರಿಸಿದ್ದಾರೆ. ನಿಮ್ಮ ಡಬ್ಬಿಗೆ ಕಣ್ಣಿಲ್ಲ.

ಹಳೇ ಡಬ್ಬಾ:

ಸದನದ ಕಲಾಪ ನೇರ ನೋಡಿ ಸ್ವಾಮಿ. ಬ್ರಿಟನ್ನಿನ ಕೆಳಮನೆಯಲ್ಲಿ 1989ರ ನವೆಂಬರಿನಿಂದ ಟಿವಿ ಕ್ಯಾಮೆರಾ ಇದೆ. ಅಮೆರಿಕದಲ್ಲಿ 1979ರಿಂದ. ನೋಡಲು ಬೇಜಾರು ಅನ್ನುವುದು ಸತ್ಯ. ಆದರೆ ಬೇಜಾರಾಗುವಷ್ಟು ನಿಧಾನಕ್ಕೆ ಮಾತಾಡಿದರೇ ನನಗೆ ಅರ್ಥ ಆಗುವುದು. ರಿಪೇರಿ ಮಾಡುತ್ತಾ ಪಕ್ಕದಲ್ಲಿ ಹಚ್ಚಿಟ್ಟಿರುತ್ತೇನೆ.

ಕಲಿಯುವವ:

ನಮಸ್ಕಾರ, ನಾನು ಹೊಸಬ. ಈ ಡಬ್ಬಿ ಮಾಡಬೇಕು ಅನಿಸಿದೆ. ಅಟ್ಟದ ಮೇಲೆ ಒಂದು ಹಳೇ ಪಿಕ್ಚರ್ ಟ್ಯೂಬ್ ಟಿವಿ ಇದೆ. ಅದನ್ನು ಬಿಚ್ಚಿ ಬಿಡಿಭಾಗ ತೆಗೆದುಕೊಳ್ಳಬಹುದಾ?

ಹಳೇ ಡಬ್ಬಾ:

ಬೇಡ! ಪಿಕ್ಚರ್ ಟ್ಯೂಬಿನ ಟಿವಿಯನ್ನು ಬಿಚ್ಚಬೇಡಿ. ಕಲರ್ ಟ್ಯೂಬಿಗೆ 20,000 ವೋಲ್ಟಿಗೂ ಮೇಲೆ ಹೋಗುತ್ತದೆ. ಟ್ಯೂಬಿನ ಗಾಜೇ ಕೆಪಾಸಿಟರ್ ಥರ ಕೆಲಸ ಮಾಡಿ ಪ್ಲಗ್ ಕಿತ್ತ ಮೇಲೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತದೆ. ಗೊತ್ತಿಲ್ಲದೆ ಕೈ ಹಾಕಿ ಹಾರಿ ಬಿದ್ದವರನ್ನು ನೋಡಿದ್ದೇನೆ. ಒಳಗೆ ಗಾಳಿ ಇಲ್ಲದ ಟ್ಯೂಬು, ಒಡೆದರೆ ಗಾಜು ಸಿಡಿಯುತ್ತದೆ. ನಿಮಗೆ ಬೇಕಾದ ಭಾಗ ಅದರಲ್ಲಿ ಹೆಚ್ಚೇನೂ ಸಿಗುವುದೂ ಇಲ್ಲ. ಕೆಟ್ಟ ರಿಮೋಟ್ ಒಂದಿದ್ದರೆ ಬಿಚ್ಚಿ, ಇನ್‌ಫ್ರಾರೆಡ್ ಎಲ್‌ಇಡಿ ಅದರಲ್ಲೇ ಇರುತ್ತದೆ. ಉರಿಯುತ್ತಿದೆಯಾ ಅಂತ ನೋಡಲು ಫೋನಿನ ಮುಂದಿನ ಕ್ಯಾಮೆರಾ ಹಿಡಿಯಿರಿ. ನಮ್ಮ ಕಣ್ಣಿಗೆ ಕಾಣದ ಬೆಳಕು ಅದರಲ್ಲಿ ನೇರಳೆಯಾಗಿ ಮಿಣುಕುತ್ತದೆ.

ಕಲಿಯುವವ:

ಸರಿ ಸರ್, ಮುಟ್ಟುವುದಿಲ್ಲ. ರಿಮೋಟ್ ಏನು ಹೇಳುತ್ತಿದೆ ಅಂತ ಬೋರ್ಡಿಗೆ ಕಲಿಸುವುದು ಹೇಗೆ?

ತಂತಿಪ್ರಿಯ:

ಮೂರು ಕಾಲಿನ ಇನ್‌ಫ್ರಾರೆಡ್ ರಿಸೀವರ್ ಸಿಗುತ್ತದೆ, 38 ಕಿಲೋಹರ್ಟ್ಸ್‌ನದು ಕೇಳಿ. ಬಹಳಷ್ಟು ರಿಮೋಟ್‌ಗಳು ಬೆಳಕನ್ನು ಸೆಕೆಂಡಿಗೆ 38,000 ಸಲ ಮಿಣುಕಿಸುತ್ತವೆ. ಬಿಸಿಲು, ಬಲ್ಬಿನ ಬೆಳಕಿನ ನಡುವೆ ಟಿವಿ ತನ್ನ ರಿಮೋಟನ್ನು ಗುರುತಿಸುವುದು ಅದರಿಂದ. ಹಳೇ ಡಬ್ಬಾ ಹೇಳಿದ ಬಿಸಿಲಿನ ಕಾಟಕ್ಕೆ ಸಿಕ್ಕ ಮದ್ದು ಇದು. ತುಂಬಾ ಕಡೆ ಬಳಸುವ ಎನ್‌ಇಸಿ ಪದ್ಧತಿಯಲ್ಲಿ ಮೊದಲು 9 ಮಿಲಿಸೆಕೆಂಡು ಬೆಳಕು, 4.5 ಮಿಲಿಸೆಕೆಂಡು ಬಿಡುವು. ಆಮೇಲೆ 32 ಬಿಟ್. ಕಮಾಂಡನ್ನು ಒಮ್ಮೆ ನೇರ, ಒಮ್ಮೆ ಸೊನ್ನೆ-ಒಂದುಗಳನ್ನು ಅದಲುಬದಲು ಮಾಡಿ ಕಳಿಸುತ್ತದೆ, ಎರಡೂ ತಾಳೆಯಾದರೆ ಮಾತ್ರ ಟಿವಿ ಕೇಳುತ್ತದೆ. ಇದನ್ನೆಲ್ಲಾ ನೀವು ಬರೆಯಬೇಕಿಲ್ಲ, ಐಆರ್‌ರಿಮೋಟ್ ಅನ್ನುವ ಸಿದ್ಧ ಕೋಡಿನ ಲೈಬ್ರರಿಯೇ ನೋಡಿಕೊಳ್ಳುತ್ತದೆ.

ಮೂರನೇ ಬೆಂಚು, ನಿಮ್ಮ ಮಾತು ತಲೆಯಲ್ಲೇ ಕೂತಿತ್ತು. ದನಿ ಇಳಿಸುವ ಭಾಗಕ್ಕೆ ಒಂದು ಸ್ವಿಚ್ ಹಾಕಿದೆ, ಬೇಡದವರು ಆಫ್ ಮಾಡಬಹುದು. ಅದರ ಬದಲು ಒಂದು ಪುಟ್ಟ ಓಎಲ್‌ಇಡಿ ಪರದೆ ಜೋಡಿಸಿದೆ. ಕಳೆದ ಹತ್ತು ನಿಮಿಷದಲ್ಲಿ ಎಷ್ಟು ಹೊತ್ತು ಸಂದು ಇರುವ ಮಾತು ಕೇಳಿಸಿತು ಅಂತ ಶೇಕಡಾ ಲೆಕ್ಕ ತೋರಿಸುತ್ತದೆ. ದನಿ ಹಾಗೇ ಇರುತ್ತದೆ. ಅಪ್ಪ ಈಗ ಚಾನೆಲ್‌ಗಳಿಗೆ ಅಂಕ ಕೊಡುತ್ತಿದ್ದಾರೆ. ಯಾವ ಆ್ಯಂಕರ್ ಇದ್ದ ದಿನ ಅಂಕ ಜಾಸ್ತಿ ಅಂತ ಬಿಪಿ ಪುಸ್ತಕದ ಹಿಂದಿನ ಪುಟದಲ್ಲೇ ಬರೆದಿಡುತ್ತಾರೆ. ಅವರ ಪಕ್ಷದ ವಕ್ತಾರ ಬಂದ ದಿನ ಅಂಕ ಬಿದ್ದಿತ್ತು. ಮೈಕು ಸರಿ ಇಲ್ಲ ಅಂದರು.

ಮೂರನೇ ಬೆಂಚು:

ಇದು ಒಪ್ಪಿಗೆ. ಅಂಕಿ ಬದಲು ಹಸಿರು, ಹಳದಿ, ಕೆಂಪು ದೀಪ ಹಾಕಿಕೊಡಿ, ಅಮ್ಮನಿಗೂ ಒಂದು ಬೇಕು.

ಸಂಜೆಗಾಳಿ:

ಒಂದೇ ಪುಸ್ತಕದಲ್ಲಿ ಎರಡನ್ನೂ ಬರೆಯಬೇಡಿ ಅಂತ ಅಪ್ಪನಿಗೆ ಹೇಳಿ. ಡಾಕ್ಟರು 62 ನೋಡಿ ಕೆಳಗಿನ ಬಿಪಿ ಅಂದುಕೊಂಡಾರು.

ಕಲಿಯುವವ:

ಬೋರ್ಡು ತಂದೆ, ರಿಸೀವರ್ ಕೆಲಸ ಮಾಡಿತು. ಆದರೆ ಎಲ್‌ಇಡಿಯನ್ನು ನೇರ ಪಿನ್‌ಗೆ ಜೋಡಿಸಿದರೆ ಟಿವಿ ಹತ್ತಿರ ಹಿಡಿದರೆ ಮಾತ್ರ ಕೇಳುತ್ತದೆ. ಟ್ರಾನ್ಸಿಸ್ಟರ್ ಹಾಕಿದೆ, ಈಗ ಸಿಗ್ನಲ್ ಹೋದಾಗಲೆಲ್ಲಾ ಬೋರ್ಡು ರೀಸ್ಟಾರ್ಟ್ ಆಗುತ್ತದೆ.

ಹಳೇ ಡಬ್ಬಾ:

ಎಲ್‌ಇಡಿ ಒಮ್ಮೆಗೇ ಕರೆಂಟ್ ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಬೋರ್ಡು ಗಾಬರಿಯಾಗಿ ರೀಸೆಟ್ ಆಗುತ್ತದೆ. ಎಲ್‌ಇಡಿಗೆ ಬೋರ್ಡಿನ 3.3 ವೋಲ್ಟ್ ಪಿನ್‌ನಿಂದ ಕೊಡುತ್ತಿದ್ದರೆ ಅದನ್ನು ತೆಗೆದು 5 ವೋಲ್ಟ್‌ನಿಂದ ಕೊಡಿ, ರೆಸಿಸ್ಟರ್ ಮರೆಯಬೇಡಿ. ಆ 5 ವೋಲ್ಟ್‌ಗೂ ಗ್ರೌಂಡ್‌ಗೂ ನಡುವೆ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು ಹಾಕಿ, ಪ್ಲಸ್ ಮೈನಸ್ ನೋಡಿಕೊಂಡು. ಯುಎಸ್‌ಬಿ ಕೇಬಲ್ ತೆಳ್ಳಗೆ ಉದ್ದ ಇದ್ದರೆ ಅದನ್ನೂ ಬದಲಾಯಿಸಿ ನೋಡಿ.

ಕಲಿಯುವವ:

ಕೇಬಲ್ ಬದಲಾಯಿಸಿದರೇ ಸಾಕಾಯಿತು ಸರ್! ಕೆಪಾಸಿಟರ್ ಆದರೂ ಹಾಕುತ್ತೇನೆ. ಹಾಡಿನ ತೊಂದರೆ ನನಗೂ ಇದೆ, ಧಾರಾವಾಹಿಯ ಹಿನ್ನೆಲೆ ಸಂಗೀತಕ್ಕೆ ಅಂಕ ಸೊನ್ನೆ ಬರುತ್ತಿದೆ.

ತಂತಿಪ್ರಿಯ:

ಧಾರಾವಾಹಿಗೆ ಸೊನ್ನೆ ಬಂದರೆ ಅದನ್ನು ತೊಂದರೆ ಅಂತ ಯಾಕೆ ಅಂದುಕೊಳ್ಳುತ್ತೀರಿ? ತಮಾಷೆಗೆ ಹೇಳಿದೆ. ಸಂಗೀತದಲ್ಲಿ ತಾಳ ಒಂದೇ ಸಮ ಮರುಕಳಿಸುತ್ತದೆ, ಜಗಳದಲ್ಲಿ ಹಾಗಿರುವುದಿಲ್ಲ. ಆ ಮರುಕಳಿಕೆ ಹುಡುಕುವ ಕೋಡ್ ಬರೆಯುತ್ತಿದ್ದೇನೆ. ಓಡಿದರೆ ಇಲ್ಲೇ ಹಾಕುತ್ತೇನೆ.